ಎರಡು ದಡಕ್ಕೂ ಸಲ್ಲುವ ವಾಕ್ಯ

ಮೊಬೈಲಿನಲ್ಲಿ ಗೂಗಲ್ ಎಂದು ಬರೆದರೆ ಅಮೆರಿಕದ ಕಂಪನಿಯೇ ಎದುರಿಗೆ ಬರುತ್ತದೆ. ಊರು ಸಿಗಬೇಕಾದರೆ ಪಕ್ಕದಲ್ಲಿ ದೇವದುರ್ಗ ಎಂದೋ ಅಲ್ಲಮಪ್ರಭು ಎಂದೋ ಸೇರಿಸಬೇಕು. ರಾಯಚೂರು ಜಿಲ್ಲೆಯ ಈ ಊರು ಕೃಷ್ಣೆಯ ದಂಡೆಯಲ್ಲಿದೆ. ದಂಡೆಯ ಮೇಲೆ ಅಲ್ಲಮಪ್ರಭುವಿನ ಗುಡಿ. ಹೊಳೆಗೆ ಅಡ್ಡಲಾಗಿ ಸೇತುವೆಯೂ ಆಗಿರುವ ಬ್ಯಾರೇಜು. ಆಚೆ ದಡಕ್ಕೆ ಕಾಲಿಟ್ಟರೆ ಯಾದಗಿರಿ ಜಿಲ್ಲೆ. ಮಳೆಗಾಲದಲ್ಲಿ ಮೇಲಿನ ನಾರಾಯಣಪುರ ಜಲಾಶಯದ ಗೇಟು ತೆರೆದರೆ ಗುಡಿಯ ಮೆಟ್ಟಿಲವರೆಗೂ ಕೆಂಪು ನೀರು ಏರುತ್ತದೆ. ಬೇಸಿಗೆಯಲ್ಲಿ ಅದೇ ಹೊಳೆಯ ನಡುವೆ ಬಂಡೆಗಳು ಬೆನ್ನು ಬಿಸಿಲಿಗೊಡ್ಡಿ ಮಲಗಿರುತ್ತವೆ.

ಅಲ್ಲಿ ದಂಡೆಯ ಹೊಲದಲ್ಲಿ ಪಂಪ್‌ಸೆಟ್ಟಿನ ಪೈಪು ಸರಿಪಡಿಸುತ್ತಿದ್ದ ಹಿರಿಯರೊಬ್ಬರನ್ನು ಈ ವರ್ಷ ನೀರು ಹೇಗೆ ಎಂದು ಕೇಳಿದೆ. "ಮ್ಯಾಲಿನವ್ರು ಬಿಟ್ರ ನಮಗ ನೀರು, ನಾವು ಬಿಟ್ರ ಕೆಳಗಿನವ್ರಿಗೆ ನೀರು. ಲೆಕ್ಕ ಇಷ್ಟ ಐತ್ರಿ" ಎಂದರು. ಅಷ್ಟು ಹೇಳಿ ಮತ್ತೆ ಪೈಪಿಗೆ ಸೈಕಲ್ ಟ್ಯೂಬು ಸುತ್ತತೊಡಗಿದರು. ಬ್ಯಾರೇಜಿನ ಮೇಲೆ ನಡೆಯುತ್ತಾ ಆ ಮಾತನ್ನೇ ಯೋಚಿಸುತ್ತಿದ್ದೆ. ಇದೇ ಮಾತನ್ನು ಕಾನೂನಿನ ಭಾಷೆಯಲ್ಲಿ, ಭಾರತದ ಹೊಳೆಗಳಿಗೆಲ್ಲ ಅನ್ವಯಿಸುವಂತೆ, 1942ರಷ್ಟು ಹಿಂದೆಯೇ ಬರೆದುಕೊಟ್ಟವರು ಮಂಗಳೂರಿನ ಒಬ್ಬರು. ಆಮೇಲೆ ಅವರು ಭಾರತದ ಸಂವಿಧಾನದ ಮೊದಲ ಕರಡು ಬರೆದರು. ಅದಾದ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತದ ಪರವಾಗಿ ಕೂತರು. ಕೊರಿಯಾದಲ್ಲಿ ಯುದ್ಧ ಹೊತ್ತಿಕೊಂಡ ದಿನ ಆ ಮಂಡಳಿಯ ಅಧ್ಯಕ್ಷರಾಗಿದ್ದವರು ಅವರೇ. ಬೆನಗಲ್ ನರಸಿಂಗ ರಾವ್. ಚಿಲಿಯ ಪಾಬ್ಲೊ ನೆರೂಡಾ ರಂಗೂನಿನಲ್ಲಿ, ಕೊಲಂಬೊದಲ್ಲಿ ಕಾನ್ಸಲ್ ಆಗಿದ್ದ ಸಂಗತಿ ಕನ್ನಡದ ಕಾವ್ಯಪ್ರಿಯರಿಗೆ ಗೊತ್ತು. ನಮ್ಮದೇ ಕರಾವಳಿಯ ಈ ರಾಜತಾಂತ್ರಿಕನ ಹೆಸರು ರಾಯಚೂರಿನ ಕಾಲೇಜು ಹುಡುಗರಿಗೂ ಗೊತ್ತಿಲ್ಲ, ಮಂಗಳೂರಿನವರಿಗೂ ಅಷ್ಟಕ್ಕಷ್ಟೆ. ಇದು ನನಗೆ ಬಹಳ ದಿನದ ಸಂಕಟ.

ರಾವ್ ಅವರ ಕಥೆಗೆ ಹೋಗುವ ಮುನ್ನ ಗೂಗಲ್ಲಿನಂಥ ಊರಿಗೂ ಭದ್ರತಾ ಮಂಡಳಿಯ ಮೇಜಿಗೂ ಇರುವ ನೇರ ನಂಟೊಂದನ್ನು ಹೇಳಬೇಕು. 1948ರ ಸೆಪ್ಟೆಂಬರಿನಲ್ಲಿ ಈ ಊರು ನಿಜಾಮನ ರಾಜ್ಯದಲ್ಲಿತ್ತು. ರಾಯಚೂರು, ದೇವದುರ್ಗ, ಮಾನ್ವಿ ಎಲ್ಲವೂ ಹಾಗೆಯೇ. ತುಂಗಭದ್ರೆ ದಾಟಿದರೆ ಆಚೆಗೆ ಮದ್ರಾಸ್ ಪ್ರಾಂತ, ಅಲ್ಲಿಗೆ ಸ್ವಾತಂತ್ರ್ಯ ಬಂದು ವರ್ಷವಾಗಿತ್ತು. ಈಚೆ ಕಡೆ ನಿಜಾಮನ ಬೆಂಬಲಿಗ ಪಡೆಯಾದ ರಜಾಕಾರರ ಹಾವಳಿ. ಆಗಸ್ಟ್ 21ರಂದು ಹೈದರಾಬಾದ್ ಸರ್ಕಾರ ಭಾರತದ ವಿರುದ್ಧ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು. 16ರಂದು ಪ್ಯಾರಿಸಿನಲ್ಲಿ ಮಂಡಳಿಯ ಸಭೆ ಸೇರಿತು. ದೂರನ್ನು ಚರ್ಚೆಗೆ ತೆಗೆದುಕೊಳ್ಳಬೇಕೇ ಬೇಡವೇ ಎಂಬುದರ ಮೇಲೆ ಮತ ಬಿತ್ತು. ತೆಗೆದುಕೊಳ್ಳಬೇಕು ಎಂದು ಎಂಟು ಮತ, ವಿರೋಧ ಇಲ್ಲ, ತಟಸ್ಥರು ಮೂರು. ಆ ಎಂಟರಲ್ಲಿ ಎರಡು ದಕ್ಷಿಣ ಅಮೆರಿಕದವು: ಅರ್ಜೆಂಟೀನಾ ಮತ್ತು ಕೊಲಂಬಿಯಾ. ಕೃಷ್ಣೆ ಎಲ್ಲಿ ಹರಿಯುತ್ತದೆ ಎಂದು ನೋಡಿಯೇ ಇರದ ಎರಡು ದೇಶಗಳು ಕೃಷ್ಣೆಯ ದಂಡೆಯವರ ಭವಿಷ್ಯದ ಬಗ್ಗೆ ಕೈ ಎತ್ತಿದವು.

ಮೇಜಿನ ಒಂದು ಕಡೆ ನಿಜಾಮನ ಪರವಾಗಿ ಮೊಯಿನ್ ನವಾಜ್ ಜಂಗ್. ಇನ್ನೊಂದು ಕಡೆ ಭಾರತದ ಪರವಾಗಿ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಆಗ ಅವರು ಮೈಸೂರಿನ ದಿವಾನರೂ ಹೌದು. 1946ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾಗಿದ್ದವರು. ಹುಟ್ಟಿದ್ದು ರಾಯಚೂರಿನಿಂದ ತುಂಗಭದ್ರೆಯ ಆಚೆಗಿರುವ ಕರ್ನೂಲಿನಲ್ಲಿ, 1887ರಲ್ಲಿ. ಬಿ.ಎನ್. ರಾವ್ ಹುಟ್ಟಿದ ವರ್ಷವೂ ಅದೇ. ಮಂಡಳಿ ಮಾತು ಮುಗಿಸುವಷ್ಟರಲ್ಲಿ ನೆಲದ ಮೇಲೆ ಕೆಲಸ ಮುಗಿದಿತ್ತು. 17ರಂದು ನಿಜಾಮ ಸೋಲೊಪ್ಪಿದ. ದೂರನ್ನೂ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದ. ರಾಯಚೂರಿನವರು ಇವತ್ತಿಗೂ ಸೆಪ್ಟೆಂಬರ್ 17ರಂದು ಧ್ವಜ ಏರಿಸುತ್ತಾರೆ. ಆದರೆ ಪ್ಯಾರಿಸಿನ ಆ ಮೇಜಿನ ಮುಂದೆ ರಾಯಚೂರಿನ ಒಬ್ಬರೂ ಇರಲಿಲ್ಲ. ನಿಜಾಮನ ದೂತ ಮಾತಾಡಿದ, ಮೈಸೂರಿನ ದಿವಾನ ಮಾತಾಡಿದರು. ಎರಡು ಸಂಸ್ಥಾನಗಳಲ್ಲೂ ಕನ್ನಡಿಗರಿದ್ದರು. ಯಾರ ಬದುಕಿನ ಪ್ರಶ್ನೆಯೋ ಅವರು ಮಾತ್ರ ಊರಲ್ಲೇ ಉಳಿದಿದ್ದರು. ಸಣ್ಣ ಊರಿನವರ ಪಾಲಿಗೆ ರಾಜತಾಂತ್ರಿಕ ಎಂದರೆ ಯಾರು ಎಂಬುದು ಇಲ್ಲಿ ಕಾಣುತ್ತದೆ. ತಾನು ನೋಡದ ಊರಿನ ಹೊರೆಯನ್ನು ಹೊತ್ತು ಮಾತಾಡಬೇಕಾದವನು ಅವನು. ಅವನ ಒಂದು ಪದ ಆಚೀಚೆಯಾದರೆ ಬೆಲೆ ತೆರುವವರು ಎಲ್ಲೋ ದೂರದ ದಂಡೆಯವರು.

ಈ ಹೊರೆಯ ತೂಕ ಗೊತ್ತಿದ್ದವರು ರಾವ್.

ಅವರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನ ಚಿತ್ರಾಪುರ ಸಾರಸ್ವತ ಮನೆತನದಲ್ಲಿ. ತಂದೆ ಬೆನಗಲ್ ರಾಘವೇಂದ್ರ ರಾವ್ ಡಾಕ್ಟರು. ಮನೆಯೊಳಗೆ ಕೊಂಕಣಿ, ಹೊರಗೆ ತುಳು ಮತ್ತು ಕನ್ನಡ, ಸರ್ಕಾರಿ ಕಾಗದದಲ್ಲಿ ಇಂಗ್ಲಿಷು. ಒಂದೇ ಮಾತನ್ನು ನಾಲ್ಕು ಬಗೆಯಲ್ಲಿ ಹೇಳಲು ಬರದಿದ್ದರೆ ಆ ಊರಲ್ಲಿ ದಿನ ಸಾಗದು. ಓದಿದ್ದು ಕೆನರಾ ಹೈಸ್ಕೂಲಿನಲ್ಲಿ. ಮುಂದೆ ಕೆನರಾ ಬ್ಯಾಂಕ್ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ತೆರೆದ ಶಾಲೆ ಅದು. ಹುಡುಗ ಇಡೀ ಮದ್ರಾಸ್ ಪ್ರಾಂತಕ್ಕೇ ಮೊದಲಿಗನಾಗಿ ತೇರ್ಗಡೆಯಾದ. ಇಂಗ್ಲಿಷು, ಭೌತವಿಜ್ಞಾನ, ಸಂಸ್ಕೃತ, ಆಮೇಲೆ ಗಣಿತ, ಎಲ್ಲದರಲ್ಲೂ ಪ್ರಥಮ ದರ್ಜೆ. ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜಿನ ಟ್ರಿನಿಟಿ ಕಾಲೇಜು. 1909ರಲ್ಲಿ ಐಸಿಎಸ್. ಜವಾಹರಲಾಲ್ ನೆಹರೂ ಕೂಡ ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಅದೇ ಕಾಲೇಜಿನಲ್ಲಿದ್ದರು. ತಮ್ಮಂದಿರೂ ಸಾಮಾನ್ಯರಲ್ಲ. ಬೆನಗಲ್ ರಾಮರಾವ್ ಜಪಾನಿನಲ್ಲಿ, ಅಮೆರಿಕದಲ್ಲಿ ಭಾರತದ ಪ್ರತಿನಿಧಿಯಾಗಿದ್ದು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು. ಬೆನಗಲ್ ಶಿವರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು. ಅಣ್ಣನ ಟಿಪ್ಪಣಿಗಳನ್ನು ಮುಂದೆ ಪುಸ್ತಕವಾಗಿ ಅಚ್ಚು ಹಾಕಿಸಿದವರೂ ಅವರೇ.

ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ, ಅಸ್ಸಾಮಿನಲ್ಲಿ ಕಾನೂನು ಕಾರ್ಯದರ್ಶಿಯಾಗಿ ಅವರ ಎರಡು ದಶಕಗಳು ಕಳೆದವು. 1935ರ ಭಾರತ ಸರ್ಕಾರ ಕಾಯಿದೆ ಬಂದ ಮೇಲೆ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದಿಸುವ ಕೆಲಸ ಅವರ ಪಾಲಿಗೆ ಬಂತು. ಹೆಸರೂ ಸದ್ದೂ ಇಲ್ಲದ ಕೆಲಸ. ಸಾವಿರಾರು ಸಾಲುಗಳಲ್ಲಿ ಒಂದೊಂದು ಪದವನ್ನೂ ತೂಗಿ ನೋಡಬೇಕು, ಒಂದನ್ನು ಬದಲಿಸಿದರೆ ಇನ್ನೆಲ್ಲಿ ಬಿರುಕು ಬೀಳುತ್ತದೆ ಎಂದು ಹುಡುಕಬೇಕು. ಮುಂದೆ ವಿಶ್ವಸಂಸ್ಥೆಯಲ್ಲಿ ಅವರು ಏನಾದರೋ ಅದು ಈ ಕೋಣೆಯಲ್ಲಿ ತಯಾರಾದದ್ದು ಎಂದೇ ನಾನು ನಂಬಿದ್ದೇನೆ. ರಾಜತಾಂತ್ರಿಕರಲ್ಲಿ ಮಾತುಗಾರರು ಬೇಕಾದಷ್ಟು ಜನ ಸಿಗುತ್ತಾರೆ. ಕರಡು ಬರೆಯಬಲ್ಲವರು ವಿರಳ. ಜಗಳದಲ್ಲಿರುವ ಇಬ್ಬರೂ ಸಹಿ ಹಾಕಬಹುದಾದ ವಾಕ್ಯವನ್ನು ಹುಡುಕುವುದು ಭಾಷಣಕ್ಕಿಂತ ಕಷ್ಟದ ವಿದ್ಯೆ.

ಆ ವಿದ್ಯೆಯ ಮೊದಲ ದೊಡ್ಡ ಪರೀಕ್ಷೆ ಒಂದು ಹೊಳೆಯ ಜಗಳ.

ಪಂಜಾಬ್ ಪ್ರಾಂತ ಸಟ್ಲೆಜ್ ನದಿಗೆ ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಲು ಹೊರಟಿತ್ತು. ಸಿಂಧೂ ನದಿಯ ಕೊನೆಯಲ್ಲಿರುವ ಸಿಂಧ್ ಪ್ರಾಂತಕ್ಕೆ ದಿಗಿಲಾಯಿತು. ಮೇಲಿನವರು ನೀರು ಹಿಡಿದರೆ ತಮ್ಮ ನೆರೆಕಾಲುವೆಗಳಿಗೆ ಹೊಳೆ ಏರುವುದೇ ಇಲ್ಲ ಎಂದು ದೂರು ಕೊಟ್ಟಿತು. 1941ರಲ್ಲಿ ಸಿಂಧೂ ಆಯೋಗ ನೇಮಕವಾಯಿತು. ಅಧ್ಯಕ್ಷರು ರಾವ್, ಜೊತೆಗೆ ಇಬ್ಬರು ಇಂಜಿನಿಯರುಗಳು. 1942ರಲ್ಲಿ ವರದಿ ಬಂತು. ಆಗ ಇಂಥ ಜಗಳಗಳಲ್ಲಿ ಎರಡು ಹಟಗಳು ಚಾಲ್ತಿಯಲ್ಲಿದ್ದವು. ನನ್ನ ನೆಲದ ಮೇಲೆ ಹರಿಯುವಷ್ಟು ಹೊತ್ತು ನೀರು ಪೂರ್ತಿ ನನ್ನದು ಎನ್ನುವುದು ಮೇಲಿನವರ ಹಟ. ಅನಾದಿಯಿಂದ ಹರಿದು ಬಂದಂತೆಯೇ ಒಂದು ಹನಿ ಕಡಿಮೆಯಿಲ್ಲದೆ ಹರಿದು ಬರಬೇಕು ಎನ್ನುವುದು ಕೆಳಗಿನವರ ಹಟ. ರಾವ್ ಆಯೋಗ ಎರಡನ್ನೂ ಒಪ್ಪಲಿಲ್ಲ. ಹೊಳೆಯನ್ನು ಹುಟ್ಟಿನಿಂದ ಕೊನೆಯವರೆಗೆ ಒಂದೇ ಎಂದು ನೋಡಬೇಕು, ಯಾರೂ ಅದರ ಒಡೆಯರಲ್ಲ, ನ್ಯಾಯವಾದ ಪಾಲಿಗೆ ಎಲ್ಲರೂ ಹಕ್ಕುದಾರರು ಎಂದಿತು. ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದರೆ ಇಬ್ಬರೂ ಕೂತು ಒಪ್ಪಂದ ಮಾಡಿಕೊಳ್ಳುವುದು, ಅದು ಆಗದಿದ್ದಾಗ ಮಾತ್ರ ತೀರ್ಪು. ಅಮೆರಿಕದ ಸುಪ್ರೀಂ ಕೋರ್ಟು ತನ್ನ ರಾಜ್ಯಗಳ ನದಿ ಜಗಳಗಳಲ್ಲಿ ಕಂಡುಕೊಂಡಿದ್ದ ಸಮನ್ಯಾಯದ ಹಂಚಿಕೆಯನ್ನು ರಾವ್ ನಮ್ಮ ಹೊಳೆಗಳ ಅಳತೆಗೆ ಹೊಲಿದುಕೊಟ್ಟರು.

ಸಿಂಧ್, ಪಂಜಾಬ್ ಎರಡಕ್ಕೂ ಆ ವರದಿ ರುಚಿಸಲಿಲ್ಲ. ಮಾತುಕತೆ ಎಳೆದಾಡುತ್ತಿರುವಾಗಲೇ ದೇಶ ಒಡೆಯಿತು. ಪ್ರಾಂತಗಳ ಜಗಳ ಎರಡು ದೇಶಗಳ ಜಗಳವಾಯಿತು. 1960ರ ಸಿಂಧೂ ಒಪ್ಪಂದ ಹೊಳೆಯನ್ನು ಒಂದೆಂದು ನೋಡಲಿಲ್ಲ, ಮೂರು ನದಿ ಇವರಿಗೆ, ಮೂರು ನದಿ ಅವರಿಗೆ ಎಂದು ಕತ್ತರಿಸಿತು. ಆದರೆ ರಾವ್ ಬರೆದ ತತ್ವ ಸತ್ತಿರಲಿಲ್ಲ, ದಕ್ಷಿಣಕ್ಕೆ ಹರಿದು ಬಂದಿತ್ತು. 1969ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ನೇಮಕವಾಯಿತು. ನ್ಯಾಯಮೂರ್ತಿ ಬಚಾವತ್ ಅವರ ಮುಂದೆ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಮೂರೂ ರಾಜ್ಯಗಳು ವಾದಿಸಿದವು. 1973ರಲ್ಲಿ ವರದಿ ಬಂತು. ಒಟ್ಟು 2060 ಟಿಎಂಸಿ ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಯಾರೂ ಒಡೆಯರಲ್ಲ, ಎಲ್ಲರೂ ಪಾಲುದಾರರು ಎಂಬ ಸಮನ್ಯಾಯವೇ ಆ ಹಂಚಿಕೆಯ ಬುನಾದಿ. ಆ 700ರಲ್ಲಿ ಬಂದ ನೀರೇ ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ ದೇವದುರ್ಗದ ಹೊಲಗಳಿಗೆ ಹರಿಯುತ್ತಿರುವುದು. ಮಾನ್ವಿಯ ಕಡೆಗೆ ತುಂಗಭದ್ರಾ ಎಡದಂಡೆಯ ನೀರು. ಅದೂ ಕೃಷ್ಣಾ ಕೊಳ್ಳದ ಲೆಕ್ಕದಲ್ಲೇ ಸೇರಿದ್ದು. ಕಾಲುವೆಯ ಕೊನೆಭಾಗದ ರೈತರು ಪ್ರತಿವರ್ಷ ನೀರಿಗಾಗಿ ರಸ್ತೆಗಿಳಿಯುತ್ತಾರಲ್ಲ, ಅವರ ಮಾತೂ 1941ರ ಸಿಂಧ್‌ನ ಮಾತೇ. ಮೇಲಿನವರು ಅಕ್ರಮವಾಗಿ ಪಂಪು ಹಚ್ಚಿದರೆ ಕೊನೆಯ ತೂಬಿಗೆ ಏನು ಉಳಿಯುತ್ತದೆ?

ರಾವ್ ಅವರ ವರದಿ ಕೃಷ್ಣೆಯ ಬಗ್ಗೆ ಬರೆದದ್ದಲ್ಲ. ಆದರೂ ಗೂಗಲ್ಲಿನ ಬ್ಯಾರೇಜಿನ ಮೇಲೆ ನಿಂತಾಗ ನನಗೆ ನೆನಪಾಗುವುದು ಅವರು ಸಂವಿಧಾನದ ಸಲಹೆಗಾರರಾಗಿದ್ದ ದಿನಗಳಿಗಿಂತ ಹೆಚ್ಚಾಗಿ ಆ ಸಿಂಧೂ ವರದಿಯೇ.

ಸಿಂಧೂ ವರದಿಗೂ ಸಂವಿಧಾನದ ಕೆಲಸಕ್ಕೂ ನಡುವೆ, 1944ರಿಂದ 45ರವರೆಗೆ ಒಂದೂವರೆ ವರ್ಷದಷ್ಟು ಕಾಲ ಅವರು ಜಮ್ಮು ಮತ್ತು ಕಾಶ್ಮೀರದ ಪ್ರಧಾನಿಯಾಗಿದ್ದರು. ಮಹಾರಾಜನಿಗೂ ಅವರಿಗೂ ಹೊಂದಿಕೆಯಾಗದೆ ಬಿಟ್ಟು ಬಂದರು. ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಕರಡು ಸಿದ್ಧಮಾಡಿದ್ದೂ ಈ ದಶಕದಲ್ಲೇ. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಆ ಕೆಲಸಕ್ಕೆ ಸಂಬಳ ತೆಗೆದುಕೊಳ್ಳಲಿಲ್ಲ. 1947ರ ಅಕ್ಟೋಬರ್ ಹೊತ್ತಿಗೆ ಸುಮಾರು 240 ವಿಧಿಗಳ, 13 ಅನುಸೂಚಿಗಳ ಮೊದಲ ಕರಡು ಸಿದ್ಧವಾಗಿತ್ತು. ಅದನ್ನು ಮುಂದಿಟ್ಟುಕೊಂಡೇ ಅಂಬೇಡ್ಕರ್ ಅವರ ಕರಡು ಸಮಿತಿ ಕೆಲಸ ಆರಂಭಿಸಿತು. 1949ರ ನವೆಂಬರ್ 25ರ ತಮ್ಮ ಭಾಷಣದಲ್ಲಿ ಅಂಬೇಡ್ಕರ್ ಅವರೇ ಇದನ್ನು ತುಂಬು ಮನಸ್ಸಿನಿಂದ ನೆನೆದರು. ಒಬ್ಬರ ಕೀರ್ತಿಯನ್ನು ಕಿತ್ತು ಇನ್ನೊಬ್ಬರಿಗೆ ಕೊಡಲು ಈ ಮಾತನ್ನು ಬಳಸುವವರು ಈಚೆಗೆ ಹೆಚ್ಚಾಗಿದ್ದಾರೆ. ಅದು ಇಬ್ಬರಿಗೂ ಮಾಡುವ ಅನ್ಯಾಯ. ರಾವ್ ಹಾಸು ಹೂಡಿದರು. ಸಭೆಯ ಎದುರು ಒಂದೊಂದು ಎಳೆಗೂ ಉತ್ತರ ಕೊಟ್ಟು, ತಿದ್ದಿ, ಕಾದಾಡಿ, ಬಟ್ಟೆ ನೇಯ್ದವರು ಅಂಬೇಡ್ಕರ್.

ಒಂದು ವಿಷಯದಲ್ಲಿ ರಾವ್ ಎಡವಿದರು ಎಂದು ನನಗನ್ನಿಸುತ್ತದೆ. ಕರಡಿನ ಬಗ್ಗೆ ಸಲಹೆ ಕೇಳಲು ಅವರು 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಬಂದರು. ಅಮೆರಿಕದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಂದಿಗೆ ಮಾತಾಡಿದ ಮೇಲೆ ಜೀವ ಮತ್ತು ಸ್ವಾತಂತ್ರ್ಯದ ವಿಧಿಯಲ್ಲಿ ನ್ಯಾಯಾಲಯದ ಕೈಗೆ ಹೆಚ್ಚು ಅಧಿಕಾರ ಕೊಡುವ ಪದಗಳು ಬೇಡ ಎಂಬ ಕಡೆಗೆ ವಾಲಿದರು. ಅದರ ಬದಲು ಕಾನೂನು ಸ್ಥಾಪಿಸಿದ ಕ್ರಮದಂತೆ ಎಂಬ ಮಾತು ಬಂತು. 1950ರಲ್ಲಿ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಆ ಮಾತಿನ ಬೆಲೆ ಗೊತ್ತಾಯಿತು. ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ಕಾನೂನೂ ಕಾನೂನೇ ಎಂದಾಯಿತು. ಅದನ್ನು ಸರಿಪಡಿಸಲು 1978ರ ಮೇನಕಾ ಗಾಂಧಿ ತೀರ್ಪಿನವರೆಗೆ ಕಾಯಬೇಕಾಯಿತು. ಒಂದು ಪದದ ತೂಕವನ್ನು ಅಷ್ಟು ಚೆನ್ನಾಗಿ ಬಲ್ಲವರ ಕೈಯಿಂದಲೇ ಇದಾಯಿತು ಎಂಬುದು ನನಗೆ ನೋವಿನ ಸಂಗತಿ.

ಅದೇ ಸಂವಿಧಾನಕ್ಕೆ 2012ರ ತಿದ್ದುಪಡಿಯಲ್ಲಿ ನಿಜಾಮನ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ವಿಶೇಷ ಸ್ಥಾನ ಕೊಡುವ 371 ಜೆ ವಿಧಿ ಸೇರಿತು. ಗೂಗಲ್ಲಿನ ಹುಡುಗನಿಗೆ ಇಂಜಿನಿಯರಿಂಗ್ ಸೀಟು, ದೇವದುರ್ಗದ ಹುಡುಗಿಗೆ ಸರ್ಕಾರಿ ನೌಕರಿ ಎಂದಾಗ ಈಗ ಬೇಕಾಗುವುದು ಆ ವಿಧಿಯ ಪ್ರಮಾಣಪತ್ರ. ಪ್ಯಾರಿಸಿನ ಮೇಜಿನ ಮೇಲೆ ಮಾತಿಲ್ಲದೆ ಕೂತಿದ್ದ ಸೀಮೆಗೆ ಆರು ದಶಕದ ಮೇಲೆ ಸಂವಿಧಾನದಲ್ಲಿ ತನ್ನದೇ ಒಂದು ಸಾಲು ಸಿಕ್ಕಿತು.

ಈಗ ಲೇಕ್ ಸಕ್ಸೆಸ್‌ಗೆ ಹೋಗೋಣ. ನ್ಯೂಯಾರ್ಕಿನ ಮಗ್ಗುಲಿಗೆ ಲಾಂಗ್ ಐಲೆಂಡಿನಲ್ಲಿರುವ ಊರು. ವಿಶ್ವಸಂಸ್ಥೆಗೆ ಸ್ವಂತ ಕಟ್ಟಡ ಏಳುವ ಮೊದಲು ಅಲ್ಲಿಯ ಒಂದು ಕಾರ್ಖಾನೆಯ ಕಟ್ಟಡದಲ್ಲಿ ಭದ್ರತಾ ಮಂಡಳಿ ಸೇರುತ್ತಿತ್ತು. 1950ರಲ್ಲಿ ಭಾರತ ಮೊದಲ ಸಲ ಮಂಡಳಿಯ ಸದಸ್ಯ ದೇಶವಾಯಿತು, ಆ ಕುರ್ಚಿಯಲ್ಲಿ ಕೂತವರು ರಾವ್. ಅಧ್ಯಕ್ಷ ಸ್ಥಾನ ತಿಂಗಳಿಗೊಬ್ಬರಂತೆ ಸುತ್ತಿ ಬರುತ್ತದೆ. ಆ ವರ್ಷ ಜೂನ್ ತಿಂಗಳು ಭಾರತದ ಪಾಲು. ಜೂನ್ 25, ಭಾನುವಾರ. ಉತ್ತರ ಕೊರಿಯಾದ ಸೇನೆ 38ನೇ ಅಕ್ಷಾಂಶ ದಾಟಿದ ಸುದ್ದಿ ಬಂತು. ಮಧ್ಯಾಹ್ನ ತುರ್ತು ಸಭೆ. ಚೀನಾದ ಕುರ್ಚಿಯಲ್ಲಿ ಬೀಜಿಂಗಿನವರು ಕೂರಬೇಕೋ ತೈವಾನಿಗೆ ಓಡಿದವರು ಕೂರಬೇಕೋ ಎಂಬ ಜಗಳದಲ್ಲಿ ಸೋವಿಯತ್ ಒಕ್ಕೂಟ ಜನವರಿಯಿಂದಲೇ ಸಭೆ ಬಹಿಷ್ಕರಿಸಿತ್ತು. ವೀಟೋ ಹಾಕಬೇಕಾದವರೇ ಇರಲಿಲ್ಲ. ಯುದ್ಧ ನಿಲ್ಲಿಸಿ, ಹಿಂದಕ್ಕೆ ಹೋಗಿ ಎಂಬ ನಿರ್ಣಯ ಒಂಬತ್ತು ಮತಗಳಿಂದ ಅಂಗೀಕಾರವಾಯಿತು. ಭಾರತವೂ ಪರವಾಗಿಯೇ ಮತ ಹಾಕಿತು. ಯುಗೊಸ್ಲಾವಿಯಾ ಮಾತ್ರ ತಟಸ್ಥ.

ಕಷ್ಟ ಬಂದದ್ದು ಎರಡು ದಿನದ ಮೇಲೆ. 27ರಂದು ಅಮೆರಿಕ ಇನ್ನೊಂದು ನಿರ್ಣಯ ತಂದಿತು. ದಕ್ಷಿಣ ಕೊರಿಯಾಕ್ಕೆ ಎಲ್ಲ ದೇಶಗಳೂ ನೆರವು ಕೊಡಬೇಕು ಎಂಬುದು ಅದರ ಹುರುಳು. ನೆರವೆಂದರೆ ಸೈನ್ಯ ಎಂದು ಎಲ್ಲರಿಗೂ ಗೊತ್ತಿತ್ತು. ದೆಹಲಿಯಿಂದ ಸೂಚನೆ ಬರಬೇಕು. ಈಜಿಪ್ಟಿನವರಿಗೂ ಕೈರೋದಿಂದ ಬಂದಿರಲಿಲ್ಲ. ಸಭೆಯನ್ನು ಗಂಟೆಗಟ್ಟಲೆ ಮುಂದೂಡಿ ಕಾದರು. ಆ ಸಂಜೆಯನ್ನು ಊಹಿಸಿಕೊಳ್ಳುತ್ತೇನೆ. ಕಾರ್ಖಾನೆಯ ಕಟ್ಟಡ, ಉರಿಯುವ ದೀಪಗಳು, ಕಾಯುವ ಪತ್ರಕರ್ತರು. ಅಧ್ಯಕ್ಷ ಪೀಠದಲ್ಲಿ 63 ವರ್ಷದ ಮಂಗಳೂರಿನ ಈ ನ್ಯಾಯಾಧೀಶ, ತನ್ನ ಕೈಯಲ್ಲಿ ಇನ್ನೂ ಇಲ್ಲದ ಒಂದು ಉತ್ತರಕ್ಕಾಗಿ ಕಾಯುತ್ತಾ. ರಾತ್ರಿ ಮತಕ್ಕೆ ಹಾಕಿದಾಗಲೂ ಸೂಚನೆ ಬಂದಿರಲಿಲ್ಲ. ಏಳು ಮತ ಪರ. ದಕ್ಷಿಣ ಅಮೆರಿಕದ ಎಕ್ವಡಾರ್ ಆ ಏಳರಲ್ಲಿತ್ತು, ಕ್ಯೂಬಾ ಕೂಡ. ಯುಗೊಸ್ಲಾವಿಯಾ ವಿರೋಧ. ಭಾರತ, ಈಜಿಪ್ಟ್ ಮತದಾನದಲ್ಲಿ ಭಾಗವಹಿಸಲಿಲ್ಲ. ಇಡೀ ಜಗತ್ತು ನೋಡುತ್ತಿರುವಾಗ ಸಭೆಯನ್ನು ನಡೆಸಿದವರೇ ಮತ ಹಾಕದೆ ಕೂತರು. ಇದನ್ನು ದೌರ್ಬಲ್ಯ ಎಂದವರುಂಟು. ನನಗೆ ಹಾಗೆ ಕಾಣುವುದಿಲ್ಲ. ಯುದ್ಧಕ್ಕೆ ಸೈನ್ಯ ಕಳಿಸುವ ಮಾತಿನಲ್ಲಿ ದೇಶದ ಪರವಾಗಿ ಊಹೆಯ ಮೇಲೆ ಕೈ ಎತ್ತಬಾರದು ಎಂಬುದು ಶಿಸ್ತು. ಎರಡು ದಿನದ ನಂತರ ದೆಹಲಿ ನಿರ್ಣಯವನ್ನು ಒಪ್ಪಿತು. ಆದರೆ ಕಾದಾಡುವ ಸೈನ್ಯ ಕಳಿಸಲಿಲ್ಲ. 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಪಡೆಯನ್ನು ಕಳಿಸಿತು.

ವರ್ಷದ ಕೊನೆಗೆ ಯುದ್ಧ ಇನ್ನೂ ಭೀಕರವಾಯಿತು. ಚೀನಾ ಯಾಲು ನದಿ ದಾಟಿ ಬಂದಿತ್ತು. ಮೂರನೇ ಮಹಾಯುದ್ಧ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಬೀಜಿಂಗಿನ ಪ್ರತಿನಿಧಿ ವು ಷಿಯುಕ್ವಾನ್ ನ್ಯೂಯಾರ್ಕಿಗೆ ಬಂದಾಗ ಅವರೊಂದಿಗೆ ಕೂತು ಮಾತಾಡಬಲ್ಲ ಕೆಲವೇ ಜನರಲ್ಲಿ ರಾವ್ ಒಬ್ಬರು. ಭಾರತ ಹೊಸ ಚೀನಾವನ್ನು 1949ರ ಡಿಸೆಂಬರಿನಲ್ಲೇ ಮಾನ್ಯ ಮಾಡಿತ್ತು. ರಾವ್ ಏಷ್ಯಾ ಮತ್ತು ಅರಬ್ ನಾಡಿನ ಹದಿಮೂರು ದೇಶಗಳನ್ನು ಒಂದು ಕರಡಿನ ಸುತ್ತ ಸೇರಿಸಿದರು. 1950ರ ಡಿಸೆಂಬರ್ 14ರಂದು ಮಹಾಸಭೆ ಕದನವಿರಾಮದ ದಾರಿ ಹುಡುಕಲು ಮೂವರ ಗುಂಪನ್ನು ನೇಮಿಸಿತು: ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ರಾವ್. ಮೂವರು ಒಂದು ಕಡೆ ವಾಷಿಂಗ್ಟನ್, ಇನ್ನೊಂದು ಕಡೆ ಬೀಜಿಂಗ್, ಎರಡಕ್ಕೂ ಸಲ್ಲುವ ವಾಕ್ಯ ಹುಡುಕಿದರು. ಮೊದಲು ಗುಂಡು ನಿಲ್ಲಲಿ, ಆಮೇಲೆ ಮಾತು ಎಂದು ಅಮೆರಿಕ. ಮಾತಿನ ಜೊತೆಗೇ ತೈವಾನಿನ ಪ್ರಶ್ನೆ, ವಿಶ್ವಸಂಸ್ಥೆಯ ಕುರ್ಚಿಯ ಪ್ರಶ್ನೆ ತೀರಲಿ ಎಂದು ಚೀನಾ. ಜನವರಿಯಲ್ಲಿ ಐದು ತತ್ವಗಳ ಒಂದು ಹಾಳೆ ಸಿದ್ಧವಾಯಿತು. ಬೀಜಿಂಗ್ ಅದನ್ನು ಇದ್ದಂತೆ ಒಪ್ಪಲಿಲ್ಲ, ಬೇರೆ ಸೂಚನೆಗಳನ್ನು ಕಳಿಸಿತು. ಅದರಲ್ಲಿ ಇನ್ನೂ ಬಾಗಿಲು ತೆರೆದಿದೆ ಎಂದು ರಾವ್ ನಂಬಿದರು. ಕಾಯಲು ಅಮೆರಿಕಕ್ಕೆ ಮನಸ್ಸಿರಲಿಲ್ಲ. 1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರ ಎಂದು ಕರೆಯುವ ನಿರ್ಣಯ 44 ಮತಗಳಿಂದ ಗೆದ್ದಿತು. ವಿರೋಧಿಸಿದ್ದು ಏಳೇ ದೇಶ. ಸೋವಿಯತ್ ಬಣದ ಐದು, ಜೊತೆಗೆ ಬರ್ಮಾ ಮತ್ತು ಭಾರತ. ಅಂಥ ಮತ ಹಾಕಿದ ದಿನ ಅಮೆರಿಕದ ಪತ್ರಿಕೆಗಳಲ್ಲಿ ಹೊಗಳಿಕೆ ಸಿಗುವುದಿಲ್ಲ ಎಂದು ರಾವ್ ಅವರಿಗೆ ಗೊತ್ತಿತ್ತು. ಯುದ್ಧ ನಿಲ್ಲಲು ಇನ್ನೂ ಎರಡೂವರೆ ವರ್ಷ ಹಿಡಿಯಿತು.

ಸೋತ ರಾಜತಾಂತ್ರಿಕನ ಕಥೆ ಎಂದು ಇದನ್ನು ಓದಬಾರದು. ಸಿಂಧೂ ವರದಿಯನ್ನೂ ಆ ಹೊತ್ತಿಗೆ ಯಾರೂ ಒಪ್ಪಿರಲಿಲ್ಲ.

ರಾವ್ ಕೆಲಸ ಮಾಡಿದ ಹಲವು ಅಂತಾರಾಷ್ಟ್ರೀಯ ಸಭೆಗಳಲ್ಲಿ ದಕ್ಷಿಣ ಅಮೆರಿಕದವರು ಮಗ್ಗುಲಿಗಿದ್ದರು. 1949ರಲ್ಲಿ ಮೊದಲ ಸಲ ಸೇರಿದ ಅಂತಾರಾಷ್ಟ್ರೀಯ ಕಾನೂನು ಆಯೋಗದಲ್ಲಿ ಅವರ ಜೊತೆ ಬ್ರೆಜಿಲಿನ ಗಿಲ್ಬರ್ಟೊ ಅಮಾಡೊ, ಕೊಲಂಬಿಯಾದ ಹೆಸೂಸ್ ಮರಿಯಾ ಯೆಪೆಸ್. ಮುಂದೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಪೀಠದಲ್ಲಿ ಚಿಲಿಯ ಅಲೆಹಾಂದ್ರೊ ಆಲ್ವಾರೆಸ್, ಬ್ರೆಜಿಲಿನ ಲೆವಿ ಕಾರ್ನೇರೊ, ಉರುಗ್ವೆಯ ಅರ್ಮಾಂಡ್ ಊಗೊನ್. ಅವರೂ ದೊಡ್ಡ ಸಾಮ್ರಾಜ್ಯಗಳಿಂದ ಬಿಡಿಸಿಕೊಂಡ ನಾಡಿನವರು. ನಮಗಿಂತ ನೂರು ವರ್ಷಕ್ಕೂ ಹೆಚ್ಚು ಮುಂಚೆ ಬಿಡಿಸಿಕೊಂಡವರು. ದೊಡ್ಡ ದೇಶದ ಎದುರು ಸಣ್ಣ ದೇಶಕ್ಕೆ ಇರುವ ಆಯುಧ ಕಾನೂನು ಒಂದೇ ಎಂದು ಅವರ ವಕೀಲರು ಒಂದು ಪರಂಪರೆಯನ್ನೇ ಕಟ್ಟಿದ್ದರು. ರಾವ್ ಆ ಪರಂಪರೆಯ ಪಕ್ಕದಲ್ಲಿ ಹೊಸಬರಾಗಿ ಕೂತರು, ಆದರೆ ಹೊರಗಿನವರಾಗಿ ಅಲ್ಲ.

ಹೇಗ್‌ನ ನ್ಯಾಯಾಧೀಶರಾಗಿ ಅವರು 1952ರ ಫೆಬ್ರವರಿಯಲ್ಲಿ ಅಧಿಕಾರ ವಹಿಸಿಕೊಂಡರು. ಆ ವರ್ಷದ ದೊಡ್ಡ ಪ್ರಕರಣ ಇರಾನ್ ಮತ್ತು ಬ್ರಿಟನ್ನಿನ ತೈಲ ವಿವಾದ. ಅದರ ವಿಚಾರಣೆಯಲ್ಲಿ ರಾವ್ ಕೂರಲಿಲ್ಲ. ಹಿಂದಿನ ವರ್ಷ ಭದ್ರತಾ ಮಂಡಳಿಯಲ್ಲಿ ಅದೇ ದೂರು ಬಂದಾಗ ತಾವು ಭಾರತದ ಪ್ರತಿನಿಧಿಯಾಗಿದ್ದೆವು, ಆದ್ದರಿಂದ ಈಗ ತೀರ್ಪು ಕೊಡುವುದು ಸರಿಯಲ್ಲ ಎಂಬುದು ಕಾರಣ. ಪೀಠಕ್ಕೆ ಬಂದ ಕೆಲವೇ ತಿಂಗಳಲ್ಲಿ ಅತಿ ದೊಡ್ಡ ಪ್ರಕರಣದಿಂದ ತಾವಾಗಿ ಹಿಂದೆ ಸರಿಯುವುದು ಸಣ್ಣ ಮಾತಲ್ಲ. ಅವರ ಇಡೀ ಬದುಕಿನಲ್ಲಿ ನನಗೆ ಬಹಳ ಹಿಡಿಸುವ ಗಳಿಗೆಗಳಲ್ಲಿ ಇದೂ ಒಂದು.

ಒಂಬತ್ತು ವರ್ಷದ ಅವಧಿಯಲ್ಲಿ ಅವರಿಗೆ ಸಿಕ್ಕಿದ್ದು ಎರಡು ವರ್ಷಕ್ಕೂ ಕಡಿಮೆ. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ತೆರವಾದ ಕುರ್ಚಿಗೆ ಮರುವರ್ಷ ಆಯ್ಕೆಯಾದವರು ಪಾಕಿಸ್ತಾನದ ಜಫರುಲ್ಲಾ ಖಾನ್. ಕಾಶ್ಮೀರದ ಮೇಲೆ, ಹೈದರಾಬಾದಿನ ಮೇಲೆ ಭದ್ರತಾ ಮಂಡಳಿಯಲ್ಲಿ ಭಾರತದ ವಿರುದ್ಧ ವಾದಿಸಿದವರು. 1988ರಲ್ಲಿ ಭಾರತದ ಅಂಚೆ ಇಲಾಖೆ ರಾವ್ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ರಾವ್ ಕಣ್ಣುಮುಚ್ಚಿದ ದಿನ ಕೊರಿಯಾದಲ್ಲಿ ಇನ್ನೊಬ್ಬ ಕರ್ನಾಟಕದವರು ಕೆಲಸದಲ್ಲಿದ್ದರು. ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಆ ವರ್ಷ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿದ್ದಿತ್ತು. ಊರಿಗೆ ಮರಳಲು ಒಲ್ಲೆ ಎಂದ ಯುದ್ಧಕೈದಿಗಳನ್ನು ಏನು ಮಾಡಬೇಕು ಎಂಬ ಗಂಟು ಬಿಡಿಸಲು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಗಿತ್ತು, ಅದರ ಅಧ್ಯಕ್ಷರು ಜನರಲ್ ತಿಮ್ಮಯ್ಯ. ಎರಡೂ ಕಡೆಯವರು ನಂಬಬಲ್ಲ ದೇಶ ಎಂದು ಭಾರತಕ್ಕೆ ಆ ಹೊಣೆ ಬಂದದ್ದು. 1951ರ ಆ ವಿರೋಧ ಮತ ಇಲ್ಲದಿದ್ದರೆ ಚೀನಾ ಹಾಗೆ ನಂಬುತ್ತಿತ್ತೇ? ಎರಡೂ ಕೊರಿಯಾ ಬೇಡ, ಚೀನಾವೂ ಬೇಡ, ತೈವಾನೂ ಬೇಡ ಎಂದ 88 ಜನ ತಿಮ್ಮಯ್ಯನವರ ಪಡೆಯ ಜೊತೆ 1954ರಲ್ಲಿ ಹಡಗು ಹತ್ತಿ ಭಾರತಕ್ಕೆ ಬಂದರು. ಕೆಲವರು ಇಲ್ಲೇ ಉಳಿದರು. ಹಲವರಿಗೆ ಬ್ರೆಜಿಲ್ ಮತ್ತು ಅರ್ಜೆಂಟೀನಾ ಬಾಗಿಲು ತೆರೆದವು. 1948ರಲ್ಲಿ ಪ್ಯಾರಿಸಿನಲ್ಲಿ ನಿಜಾಮನ ದೂರಿಗೆ ಕೈ ಎತ್ತಿದ್ದ ಅದೇ ಅರ್ಜೆಂಟೀನಾ.

ಸಂಜೆ ಗೂಗಲ್ಲಿನಿಂದ ಹೊರಡುವಾಗ ಪೈಪಿನ ಕೆಲಸ ಮುಗಿದಿತ್ತು. ಹಿರಿಯರು ಮೋಟರನ್ನು ದಂಡೆಯಿಂದ ಬಿಚ್ಚಿ ಎತ್ತರಕ್ಕೆ ಸಾಗಿಸಲು ಇಬ್ಬರು ಹುಡುಗರನ್ನು ಕರೆಯುತ್ತಿದ್ದರು. ಯಾಕೆ ಎಂದು ಕೇಳಿದೆ. ಮೇಲೆ ನಾರಾಯಣಪುರದಿಂದ ನೀರು ಬಿಡುತ್ತಾರಂತೆ, ರಾತ್ರಿಯೊಳಗೆ ಹೊಳೆ ಏರಬಹುದು ಎಂದರು. ಆಮೇಲೆ ಮೊಬೈಲ್ ತೆಗೆದು ಕೆಳಗಿನ ಊರಿನ ಯಾರಿಗೋ ಫೋನು ಹಚ್ಚಿದರು. "ತಮ್ಮಾ, ನಿಮ್ಮ ಮೋಟ್ರು ಮ್ಯಾಲಕ್ಕ ತಗೋರಪಾ, ನೀರು ಬರಾಕತ್ತೈತಿ."